ಅರವಟ್ಟಿಗೆಯಿಂದ ಬಂದ ದೂರುಗಳು

ನಾನು ಒಂದು ರಾಜ್ಯದ ತಳವಾರ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನನ್ನ ಹೆಂಡತಿಯೂ ನಗುತ್ತಾಳೆ, ಅದೂ ತೆಲುಗಿನಲ್ಲಿ. ರಾಜ್ಯ ಇರುವುದು ನನ್ನ ಫೋನಿನೊಳಗೆ. ಎಲ್ಲೆಲ್ಲಿಯದೋ ಜನ ತಂತಮ್ಮ ಫೋನಿನಿಂದ ಒಳಗೆ ಬಂದು, ಒಬ್ಬ ಕಮ್ಮಾರ, ಒಬ್ಬಳು ಸೇನಾಪತಿ, ಒಬ್ಬ ಕಳ್ಳ ಎಂದು ವೇಷ ಕಟ್ಟಿಕೊಂಡು ಬಾಳುವೆ ಮಾಡುವ ಆಟ ಅದು. ಗೆಲ್ಲುವುದು ಸೋಲುವುದು ಅಲ್ಲಿ ಕಡಿಮೆ, ಸುಮ್ಮನೆ ಇರುವುದೇ ಹೆಚ್ಚು. ಅಷ್ಟು ಜನ ಸೇರಿದ ಮೇಲೆ ಬೈಗುಳ, ಮೋಸ, ಕಾಲುಕೆರೆತ ಇದ್ದದ್ದೇ. ಅವನ್ನು ನೋಡಿಕೊಳ್ಳಲು ಆಟದವರು ಕೆಲವರನ್ನು ಪುಕ್ಕಟೆಯಾಗಿ ನೇಮಿಸಿಕೊಳ್ಳುತ್ತಾರೆ. ಅವರಿಗೆ ಮಾಡರೇಟರ್ ಎಂದು ಹೆಸರು. ನಾನು ತಳವಾರಿಕೆ ಎನ್ನುತ್ತೇನೆ. ಹಿಂದೆ ಊರು ಕಾಯುವ ತಳವಾರನಿಗೆ ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಜೋಳವನ್ನಾದರೂ ಅಳೆದು ಕೊಡುತ್ತಿದ್ದರು. ನನಗೆ ಹೆಸರಿನ ಮುಂದೆ ಒಂದು ಪುಟ್ಟ ಗುರಾಣಿಯ ಚಿತ್ರ ಕೊಟ್ಟಿದ್ದಾರೆ. ಅದನ್ನು ಬೀಸಿ ರೊಟ್ಟಿ ಮಾಡಿಕೊಳ್ಳಲು ಬರುವುದಿಲ್ಲ.

"ಇಂಟ್ಲೋ ಕೊಳಾಯಿಕಿ ನೀಳ್ಳು ರಾಲೇದು, ಈಯನಕು ರಾಜ್ಯಮಂಟ!" ಎನ್ನುತ್ತಾಳೆ ಹೆಂಡತಿ. ಮನೆಯ ನಲ್ಲಿಗೆ ನೀರು ಬಂದಿಲ್ಲ, ಈ ಮಹಾಶಯನಿಗೆ ರಾಜ್ಯವಂತೆ! ಮಾತು ನಿಜ. ನಲ್ಲಿಯ ಸಂಗತಿಯಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ.

ಗಡಿಯಾಚೆಯ ತೆಲುಗು ಸೀಮೆಯ ಆದೋನಿಯಲ್ಲಿ ನನ್ನದು ಬೆಲ್ಟು ಬೇರಿಂಗಿನ ಅಂಗಡಿ. ಹತ್ತಿಯ ಕಾಲದಲ್ಲಿ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳು ಬಿಡುವಿಲ್ಲದೆ ಓಡುತ್ತವೆ. ಓಡಿದ್ದು ಸವೆಯುತ್ತದೆ, ಸವೆದದ್ದು ನನಗೆ ಅನ್ನ. ಬೇಸಿಗೆಯಲ್ಲಿ ಮಿಲ್ಲುಗಳು ಬಾಯಿ ಮುಚ್ಚಿಬಿಡುತ್ತವೆ. ಆಗ ಮಟಮಟ ಮಧ್ಯಾಹ್ನದಲ್ಲಿ ಅಂಗಡಿಯೊಳಗೆ ನಾನು ಮತ್ತು ಫ್ಯಾನು ಇಬ್ಬರೇ. ಆ ಫ್ಯಾನಿನ ಬೇರಿಂಗು ಸವೆದು ಕಿರುಗುಡುತ್ತದೆ. ಗಿರಾಕಿಗಳು ತೆಲುಗಿನಲ್ಲಿ ಹಾಸ್ಯ ಮಾಡುತ್ತಾರೆ, "ಏನ್ ಸಾವ್ಕಾರ್ರೇ, ಊರಿಗೆಲ್ಲಾ ಬೇರಿಂಗ್ ಕೊಡ್ತೀರಿ, ಇದಕ್ಕೊಂದು ಹಾಕ್ಬಾರದಾ?" ಎಂದು. ಹಾಕಬಹುದು. ಆದರೆ ಆ ಸದ್ದೂ ನಿಂತರೆ ಅಂಗಡಿಯಲ್ಲಿ ಮಾತಾಡುವವರೇ ಇರುವುದಿಲ್ಲ.

ಮಾತಾಡುವವರು ಇಲ್ಲ ಎಂದರೆ ಕೇಳಿದವರು ತಪ್ಪು ತಿಳಿದಾರು. ಮನೆ ತುಂಬ ಜನ ಇದ್ದಾರೆ. ಹೆಂಡತಿ ನಂದ್ಯಾಲ ಕಡೆಯವಳು, ಅವಳದು ತೆಲುಗು. ಮಗ ಸೊಸೆಯರದೂ ಅದೇ. ಪಕ್ಕದ ಅಂಗಡಿಯ ಸಾಹೇಬರದು ಉರ್ದು. ಎಲ್ಲರೂ ನನ್ನವರೇ, ಎಲ್ಲರೊಂದಿಗೂ ನನ್ನ ಮಾತು ಸಲೀಸು. ಆದರೆ ನನ್ನನ್ನು ಸಾಕಿದವಳು ಪೆದ್ದಹರಿವಾಣಂನ ಸೋದರತ್ತೆ. ನನ್ನ ಕನ್ನಡವೆಲ್ಲ ಅವಳ ಒಲೆಯ ಮುಂದೆ ಬೆಂದದ್ದು. ರೊಟ್ಟಿ ಬಡಿಯುತ್ತ ಒಂದು ಕತೆ ಹೇಳುವಳು, ಬಡಿತ ನಿಂತರೆ ಕತೆಯಲ್ಲಿ ಏನೋ ಅನಾಹುತ ಬಂತೆಂದು ಲೆಕ್ಕ. ಆಕೆ ಹೋದ ಮೇಲೆ ನನ್ನ ಕನ್ನಡಕ್ಕೆ ಗಿರಾಕಿಯೇ ಇಲ್ಲದಂತಾಯಿತು. ಅತ್ತೆಯ ಊರು ಹರಿವಾಣಕ್ಕೆ ಹೋದರೆ ಕನ್ನಡಕ್ಕೇನೂ ಬರವಿಲ್ಲ, ನಿಜ. ಆದರೆ ಕತೆ ಹೇಳಲೆಂದು ದಿನಾ ಬಸ್ಸು ಹತ್ತುವ ವ್ಯಾಪಾರಿಯನ್ನು ಎಲ್ಲಾದರೂ ಕಂಡಿದ್ದೀರಾ? ತೆಲುಗಿನಲ್ಲಿ ನಾನು ವ್ಯವಹಾರಸ್ಥ, ತಂದೆ, ಮಾವ, ಎಲ್ಲವೂ ಹೌದು. ಹರಟೆಮಲ್ಲ ಮಾತ್ರ ಕನ್ನಡದೊಳಗೇ ಉಳಿದುಬಿಟ್ಟ. ಅವನನ್ನು ಮಾತಾಡಿಸುವವರಿರಲಿಲ್ಲ.

ಹೀಗಿರುವಾಗ, ಮಗಳು ಮದುವೆಯಾಗಿ ಎಮ್ಮಿಗನೂರಿಗೆ ಹೋಗುವ ಮುನ್ನ ತನ್ನ ಹಳೆಯ ಫೋನನ್ನು ನನಗೆ ಬಿಟ್ಟುಹೋದಳು. ಅದರೊಳಗೆ ಈ ಆಟವಿತ್ತು. ತೆರೆದು ನೋಡಿದರೆ, "ಕನ್ನಡ ಕೇರಿಗೆ ಮಾಡರೇಟರುಗಳು ಬೇಕಾಗಿದ್ದಾರೆ" ಎಂಬ ಪ್ರಕಟಣೆ. ನನ್ನ ಕಣ್ಣಿಗೆ ಬಿದ್ದದ್ದು "ಕನ್ನಡ" ಎಂಬ ಒಂದೇ ಮಾತು. ಅರ್ಜಿ ಹಾಕಿಬಿಟ್ಟೆ.

ನಮ್ಮ ಕಡೆಯ ಬಯಲಾಟ ನೋಡಿದ್ದೀರೋ ಇಲ್ಲವೋ. ರಾಜ ಕುಣಿಯುತ್ತ ಬಂದು ಅಟ್ಟ ಅದುರುವಂತೆ ನಿಲ್ಲುತ್ತಾನೆ. ಆಗ ಸಾರಥಿ ಎಂಬುವನು ಕೈಮುಗಿದು, "ಸ್ವಾಮೀ, ತಾವು ಯಾರು? ತಮ್ಮ ದೇಶ ಯಾವುದು?" ಎಂದು ಕೇಳುತ್ತಾನೆ. ರಾಜ ತನ್ನ ಪ್ರತಾಪ ಹೇಳಿಕೊಳ್ಳಲು ಯಾರಾದರೂ ಕೇಳಬೇಕಲ್ಲ! ಮಾತು ಮರೆತ ರಾಜನಿಗೆ ಎತ್ತಿಕೊಡುವವನೂ ಅವನೇ, ಕಿರೀಟ ಜಾರಿದರೆ ನೆಟ್ಟಗೆ ಮಾಡುವವನೂ ಅವನೇ. ಬೆಳಗಾದ ಮೇಲೆ ಜನ ರಾಜನ ಕುಣಿತವನ್ನು ನೆನೆಸುತ್ತಾರೆ, ಸಾರಥಿ ಯಾರಿಗೂ ನೆನಪಿರುವುದಿಲ್ಲ. ಮಾಡರೇಟರನ ಕೆಲಸವೂ ಅದೇ. ಇನ್ನೂ ಒಂದು ಕೈ ಹೆಚ್ಚು, ಏಕೆಂದರೆ ಕಾವಲಿನ ಹೊತ್ತಿನಲ್ಲಿ ನಾವು ಯಾರ ಕಣ್ಣಿಗೂ ಕಾಣದಂತೆ ತಿರುಗಬೇಕೆಂಬುದು ನಿಯಮ. ಸಂತೆಯ ನಡುವೆ ನಿಂತಿರುತ್ತೇನೆ, ಜನ ನನ್ನ ಮೈಯೊಳಗಿಂದಲೇ ಹಾದುಹೋಗುತ್ತಾರೆ. ಕನ್ನಡ ಮಾತಾಡಲೆಂದು ಹೋದವನಿಗೆ ಕನ್ನಡವನ್ನು ಕದ್ದು ಕೇಳುವ ಕೆಲಸ ಸಿಕ್ಕಿತು, ನನ್ನ ಯೋಗ ನೋಡಿ.

ನನಗೆ ದಕ್ಕಿದ್ದು ಮಧ್ಯಾಹ್ನದ ಪಾಳಿ. ಆಟಗಾರರ ತೆರೆಯ ಮೂಲೆಯಲ್ಲಿ ಒಂದು ಗಂಟೆಯ ಚಿತ್ರವಿದೆ. ತೊಂದರೆಯಾದವರು ಅದನ್ನು ಒತ್ತಿ ದೂರು ಬರೆದರೆ ಪಾಳಿಯಲ್ಲಿರುವವನಿಗೆ ಮುಟ್ಟುತ್ತದೆ. ಕಮ್ಮಾರ ಕುಲುಮೆಯ ಮುಂದೆ ಕೂತು ಕ್ರಿಕೆಟ್ ಮಾತಾಡುತ್ತಾನೆ, ವೇಷಕ್ಕೆ ಭಂಗ, ಎಂದು ಒಬ್ಬರ ದೂರು. ರಾಣಿ ತನ್ನ ಕೋಳಿಯನ್ನು ಕದ್ದಳೆಂದು ಇನ್ನೊಬ್ಬರದು. ವಿಚಾರಿಸಿದರೆ ಕದ್ದದ್ದು ನಿಜ! ಸುಮ್ಮನೆ ಗಂಟೆ ಬಾರಿಸುವವರಿಗೆ ಮೂರು ಎಚ್ಚರಿಕೆ. ಮೂರನೆಯದು ಆದ ಮೇಲೆ ಅವರ ಗಂಟೆಯನ್ನೇ ಕಿತ್ತುಕೊಳ್ಳುವುದು.

ರಾಜ್ಯದ ತೀರ ಅಂಚಿನಲ್ಲಿ ಒಂದು ಅರವಟ್ಟಿಗೆ ಇತ್ತು. ದಾರಿಹೋಕರಿಗೆ ನೀರು ಕೊಡುವ ಚಪ್ಪರ. ಅದನ್ನು ನಡೆಸುತ್ತಿದ್ದ ಆಟಗಾರ್ತಿಯ ಹೆಸರು ಗುಬ್ಬಿ. ಆಟದವರು ಹೊಸ ಹೆದ್ದಾರಿ ಮಾಡಿದ ಮೇಲೆ ಆ ಹಳೆಯ ದಾರಿಯಲ್ಲಿ ಯಾರೂ ಸುಳಿಯುತ್ತಿರಲಿಲ್ಲ. ಅಲ್ಲಿಂದ ದಿನಾ ಊಟದ ಹೊತ್ತು ಕಳೆಯುತ್ತಲೇ ಗಂಟೆ ಬಾರಿಸುತ್ತಿತ್ತು.

"ಯಾರದೋ ಕುದುರಿ ನಮ್ಮ ಬಾಗಿಲಾಗ ನಿಂತೈತ್ರಿ. ಮ್ಯಾಲ ಕುಂತಾತ ಇಲ್ಲ."

ಹೋಗಿ ನೋಡಿದೆ. ಸವಾರ ಆಟ ಬಿಟ್ಟು ಹೋಗಿದ್ದ, ಕುದುರೆ ಉಳಿದಿತ್ತು. ಅದು ತಪ್ಪಲ್ಲವೆಂದು ಬರೆದೆ. ಮರುದಿನ, "ಕುದುರಿ ಇನ್ನಾ ಐತ್ರಿ. ನೀರಿಟ್ರ ಕುಡಿಯವಲ್ದು." ಆಮೇಲೆ, "ಇವತ್ತು ಗಾಳಿ ಬೀಸೋ ಸದ್ದು ಕೇಳವಲ್ದು, ಕೆಟ್ಟೈತೇನ್ ನೋಡ್ರಿ." ಅದರ ಮರುದಿನ, "ಗಾಳಿ ಸರಿ ಆತ್ರಿ. ತಿಳಿಸೋಣಂತ ಬಾರಿಸೀನಿ."

ಆ ಮಾತಿನ ಗತ್ತು! ನಮ್ಮತ್ತೆ ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗಿ ಹೊತ್ತು ಮುಳುಗುವ ತನಕ ನಿಲ್ಲುತ್ತಿದ್ದಳಲ್ಲ, ಅದೇ ದನಿ. ಎಲ್ಲಿಯವರೆಂದು ಕೇಳುವಂತಿರಲಿಲ್ಲ, ಆಟಗಾರರ ಊರುಕೇರಿ ವಿಚಾರಿಸಬಾರದೆಂಬುದು ನಮಗೆ ಹಾಕಿದ ಮೊದಲ ಕಟ್ಟು. ಪ್ರತಿ ದೂರಿಗೂ ಎರಡು ಸಾಲು ಉತ್ತರ ಬರೆದೆ. ಎರಡು ನಾಲ್ಕಾಯಿತು. ಒಂದು ದಿನ ಕುದುರೆಗೆ ಯಾಕೆ ನೀರು ಇಳಿಯುವುದಿಲ್ಲ ಎಂಬುದಕ್ಕೆ ಅತ್ತೆಯ ಒಂದು ಕತೆಯನ್ನೇ ಬರೆದು ಕಳಿಸಿದೆ. ದೂರು ಇತ್ಯರ್ಥವಾಯಿತೇ ಎಂಬ ಕಡೆಯ ಪ್ರಶ್ನೆಗೆ ಆಕೆ "ಇಲ್ಲ" ಎಂದು ಒತ್ತಿದರು. "ಆಮ್ಯಾಲ ಏನಾತು?" ಎಂದು ಕೆಳಗೆ ಬರೆದಿದ್ದರು.

ನಮ್ಮ ಮೇಲೊಬ್ಬ ಮುಖ್ಯ ತಳವಾರನಿದ್ದಾನೆ. ಆಟದಲ್ಲಿ ಅವನ ಹೆಸರು ವಜ್ರ. ಮಾತಿನಲ್ಲೇ ತಿಳಿಯುತ್ತದೆ, ಮೈಸೂರು ಕಡೆಯ ಹುಡುಗ, ಅಚ್ಚುಕಟ್ಟು. "ಸರ್, ಮಧ್ಯಾಹ್ನದ ದೂರುಗಳೆಲ್ಲ ಒಬ್ಬರದೇ. ಒಂದರಲ್ಲೂ ಹುರುಳಿಲ್ಲ. ವಾರ್ನಿಂಗ್ ಕೊಡಿ," ಎಂದು ಬರೆದ. ಕೊಟ್ಟೆ. ಗುಬ್ಬಿಯಿಂದ ಉತ್ತರ ಬಂತು: "ಆತ್ರಿ. ಇನ್ನಾ ಎರಡು ಅದಾವು." ವಾರದೊಳಗೆ ಎರಡನೆಯದನ್ನೂ ಕೊಡಬೇಕಾಯಿತು. "ಇನ್ನೊಂದೈತಿ," ಎಂದರು. ಮಿಠಾಯಿ ಡಬ್ಬಿಯನ್ನು ಅಲ್ಲಾಡಿಸಿ ನೋಡುವ ಮಕ್ಕಳ ಹಾಗೆ. ಅದಾದ ಎರಡನೇ ದಿನ ಆಟದ ಆಕಾಶದಲ್ಲಿ ಚಂದ್ರ ಸ್ವಲ್ಪ ಸೊಟ್ಟಗೆ ಹುಟ್ಟಿದ್ದಾನೆ ಎಂದು ಗಂಟೆ ಬಾರಿಸಿತು. ವಜ್ರ ಬರೆದ: "ಮೂರನೇದು ಕೊಟ್ಟು ಗಂಟೆ ತೆಗೆದುಬಿಡಿ ಸರ್. ರೂಲ್ ಅಂದ್ರೆ ರೂಲ್."

ಕಿರುಗುಡುವ ಫ್ಯಾನಿನ ಕೆಳಗೆ ಆ ಸಾಲನ್ನೇ ನೋಡುತ್ತ ಕೂತೆ. ನೆನಪಾದವನು ಆಸ್ಪರಿಯ ಈರಣ್ಣ ಮಾಮ.

ಮಾಮ ಕುರಿ ಕಾಯುತ್ತಿದ್ದ. ಬೇಸಿಗೆ ರಜೆಯಲ್ಲಿ ನಾನೂ ಬೆನ್ನು ಹತ್ತುತ್ತಿದ್ದೆ. ಆ ಕಡೆ ನೆಲ ಬರೀ ಬೋಳು. ಕುರಿ ಮೇಯುತ್ತ ದಿನವಿಡೀ ಒಂದು ಮಾತು ಹುಟ್ಟುವುದಿಲ್ಲ. ಹೊತ್ತು ನೆತ್ತಿಗೆ ಬಂದಾಗ ಮಾಮ ಗುಡ್ಡದ ಬಂಡೆ ಹತ್ತಿ, ಬಾಯಿಗೆ ಕೈ ಅಡ್ಡ ಹಿಡಿದು "ಓ...ಹೋಯ್!" ಎಂದು ಕೂಗುವನು. ತುಸು ಹೊತ್ತಿಗೆ ಆಚೆ ಗುಡ್ಡದಿಂದ "ಓ..." ಎಂದು ತೇಲಿಬರುವುದು. ಮಾಮ ಇಳಿದು ಬಂದು ಎಲೆಅಡಿಕೆ ಹಾಕುವನು.

"ಏನಂದಿ ಮಾಮಾ?" ಎಂದು ಒಮ್ಮೆ ಕೇಳಿದೆ.

"ಏನಂದಿಲ್ಲ."

"ಮತ್ತ ಆತ ಏನಂದ?"

"ಆತನೂ ಏನಂದಿಲ್ಲಲೇ. ಅದಾನೋ ಇಲ್ಲೋ ನೋಡಿದೆ, ಅದಾನ."

ಆಚೆ ಗುಡ್ಡದವನು ಮಲ್ಲಯ್ಯ. ಒಂದು ಟಗರಿನ ಜಗಳದಲ್ಲಿ ಇಬ್ಬರಿಗೂ ಮಾತು ಬಿಟ್ಟಿತ್ತು. ಒಬ್ಬ ಚಹಾ ಕುಡಿಯುವಾಗ ಇನ್ನೊಬ್ಬ ಆ ಹೋಟೆಲಿನ ನೆರಳನ್ನೂ ತುಳಿಯುತ್ತಿರಲಿಲ್ಲ. "ಆತನ ಕೂಡ ಮಾತು ಬಿಟ್ಟೀಯಲ್ಲ?" ಎಂದದ್ದಕ್ಕೆ ಮಾಮ ಎಲೆಯ ತೊಟ್ಟು ಮುರಿಯುತ್ತ ಹೇಳಿದ: "ಜಗಳ ಊರಾಗ. ಗುಡ್ಡದ ಮ್ಯಾಲ ಕೂಗಿದ್ರ ಓ ಅನ್ನಬೇಕು. ಅನ್ನಲಿಲ್ಲಂದ್ರ ಆತ ಕುರುಬನ ಅಲ್ಲ."

ಹಗೆಯವನಿಗೂ ಸಲ್ಲಬೇಕಾದ ಒಂದು "ಓ" ಅದು. ನನ್ನ ಗುರಾಣಿಯ ಚಿತ್ರವನ್ನು ನೋಡಿಕೊಂಡೆ. ನಾನು ಕಿತ್ತುಕೊಳ್ಳಲು ಹೊರಟದ್ದು ಗಂಟೆಯನ್ನಲ್ಲ, ಆಚೆ ಗುಡ್ಡವನ್ನು.

ಅಂದು ಮೊದಲ ಬಾರಿಗೆ, ಎಲ್ಲರಿಗೂ ಕಾಣುವ ವೇಷದಲ್ಲಿ ಹಳೆಯ ದಾರಿ ಹಿಡಿದು ಅರವಟ್ಟಿಗೆಗೆ ಹೋದೆ. ಬಾಗಿಲಲ್ಲಿ ಕುದುರೆ ಇತ್ತು. ಒಳಗೆ ಗುಬ್ಬಿ.

"ಬರ್ರಿ, ನೀರು ಕುಡೀರಿ," ಎಂದರು.

ಕುಡಿದೆ. ಆಟದ ನೀರು, ಆದರೂ ಬೇಡವೆನ್ನಬಾರದು. ಗಂಟೆ ಹೋಗುವ ಸಂಗತಿ ಹೇಳಿದೆ.

"ತಗೊಂಡ್ ಹೋಗ್ರಿ. ಕುದುರೀನೂ ಹೊಡಕೊಂಡ್ ಹೋಗ್ರಿ ಮತ್ತ," ಎಂದು ಬರೆದರು. ನನಗೆ ಇನ್ನಷ್ಟು ನೀರು ಬಗ್ಗಿಸಿದರು. ಆಮೇಲೆ, "ನಮ್ಮನ್ಯಾಗ ಮಂದಿ ಬೇಕಾದಷ್ಟು ಅದಾರ್ರಿ. ಇಲ್ಲಿ ಬಾರಿಸಿದ್ರ ಯಾರರ ಬಂದು ಏನಾತು ಅಂತ ಕೇಳ್ತಾರ. ಅಷ್ಟ."

ನಾನು ವಜ್ರನಿಗೆ ಬರೆದೆ: ಈಕೆಯ ಗಂಟೆ ಕೀಳಬೇಡ, ಈಕೆಯನ್ನೇ ತಳವಾರಿಕೆಗೆ ಹಾಕು. ಗಾಳಿಯ ಸದ್ದು ನಿಂತದ್ದನ್ನೂ ಗಮನಿಸುವವರು ನಿನಗೆ ಎಲ್ಲಿ ಸಿಗುತ್ತಾರೆ? ಅವನಿಂದ ಉದ್ದದ ಆಕ್ಷೇಪಣೆ ಬಂತು, ನನ್ನಿಂದ ಅದಕ್ಕಿಂತ ಉದ್ದದ ಸಮಾಧಾನ ಹೋಯಿತು. ಕೊನೆಗೆ ಅವನು ಒಪ್ಪಿದ್ದು ನನ್ನ ವಾಕ್ಚಾತುರ್ಯಕ್ಕಲ್ಲ. "ಸಮ್ಮರ್ ಮಧ್ಯಾಹ್ನಕ್ಕೆ ಯಾರೂ ಸಿಗ್ತಿಲ್ಲ ಸರ್. ಅವರನ್ನ ಹಾಕಿ ನಿಮ್ಮನ್ನ ಬೆಳಿಗ್ಗೆಗೆ ತಗೋತೀನಿ," ಎಂದ.

ಗುಬ್ಬಿಗೆ ಗುರಾಣಿ ಬಂತು. ಈಗ ಮಧ್ಯಾಹ್ನವಿಡೀ ಯಾರಾದರೂ ಆಕೆಯನ್ನು ಕರೆಯುತ್ತಲೇ ಇರುತ್ತಾರೆ, ಕೋಳಿ ಕಳೆದುಕೊಂಡವರು, ದಾರಿ ತಪ್ಪಿದವರು. ಕೆಲಸ ಚೆನ್ನಾಗಿ ಮಾಡುತ್ತಾರಂತೆ. ವಜ್ರನೇ ಹೇಳಿದ.

ಉಪಕಾರ ಮಾಡಿದ ಸಂತೋಷದಲ್ಲಿ ನಾನೊಂದು ಸಣ್ಣ ಲೆಕ್ಕ ಬಿಟ್ಟಿದ್ದೆ. ಬೆಳಗಿನ ಹೊತ್ತು ಆಟದಲ್ಲಿ ನರಪಿಳ್ಳೆ ಇರುವುದಿಲ್ಲ. ಗಂಟೆ ಬಾರಿಸುವುದಿಲ್ಲ. ತಳವಾರರು ತಮ್ಮೊಳಗೆ ಪಾಳಿ ಒಪ್ಪಿಸುವ ಮಾತಲ್ಲದೆ ಬೇರೆ ಆಡುವಂತಿಲ್ಲ. ಹೀಗಾಗಿ ಆಕೆ "ಸರಿ" ಎನ್ನುತ್ತಾರೆ, ನಾನೂ "ಸರಿ" ಎನ್ನುತ್ತೇನೆ. ಮಧ್ಯಾಹ್ನ ಮತ್ತೆ ನಾನು, ಫ್ಯಾನು. ಇಷ್ಟು ದಿನ ಆಕೆ ಕೂಗುತ್ತಿದ್ದರು, ನಾನು ದೊಡ್ಡ ಮನಸ್ಸು ಮಾಡಿ ಓಗೊಡುತ್ತಿದ್ದೆ ಎಂದುಕೊಂಡಿದ್ದೆನಲ್ಲ! ಗುಡ್ಡ ಎರಡಿದ್ದವು ಎಂಬುದು ಆಗ ಹೊಳೆಯಿತು.

ಹೋದ ವಾರ, ಊಟ ಮುಗಿಸಿ ಬಂದು, ಗುರಾಣಿ ಕಳಚಿಟ್ಟು, ಬರಿಯ ದಾರಿಹೋಕನಾಗಿ ಅರವಟ್ಟಿಗೆಗೆ ಹೋದೆ. ಗುಬ್ಬಿ ಪಾಳಿಯಲ್ಲಿದ್ದರು, ಹಾಗಾಗಿ ಅಲ್ಲಿರಲಿಲ್ಲ. ಇದ್ದರೂ ಕಾಣುವಂತಿರಲಿಲ್ಲ. ನೀರಿನ ಕೊಡ ತುಂಬಿತ್ತು. ಕುದುರೆ ಹಾಗೆಯೇ ನಿಂತಿತ್ತು. ಅದರ ಪಕ್ಕದಲ್ಲಿ ನಾನೂ ಒಂದಿಷ್ಟು ಹೊತ್ತು ನಿಂತೆ. ಇಬ್ಬರು ಒಂದೇ ಬಸ್ಸಿಗೆ ಕಾಯುತ್ತಿದ್ದೇವೆ ಎನ್ನುವ ಹಾಗೆ.

ಆಮೇಲೆ, ಈ ವಯಸ್ಸಿನಲ್ಲಿ ಇದೇನು ಎಂದು ನಾಚಿಕೊಂಡೇ, ಗಂಟೆ ಒತ್ತಿದೆ. ದೂರು ಏನೆಂಬಲ್ಲಿ ಬರೆದೆ: "ಕುದುರಿ ಇನ್ನಾ ಐತ್ರಿ."

ಉತ್ತರಕ್ಕೆ ಕಾದೆ. ತಲೆಯ ಮೇಲೆ ಫ್ಯಾನು ಕಿರುಗುಟ್ಟಿತು. ತೆರೆ ಮಿನುಗಿತು.

"ಇದು ದೂರಿನಾಗ ಬರಂಗಿಲ್ರಿ. ನಿಮಗ ಇದು ಮೊದಲನೇ ಎಚ್ಚರಿಕಿ."

ನಿಯಮವೆಂದರೆ ನಿಯಮ. ತಲೆತಗ್ಗಿಸಿ ಫೋನು ಕೆಳಗಿಡುವಷ್ಟರಲ್ಲಿ ಇನ್ನೊಂದು ಸಾಲು ಬಂತು.

"ಇನ್ನಾ ಎರಡು ಅದಾವು."

ಅವೆರಡನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಹತ್ತಿಯ ಕಾಲ ಬರುವುದಕ್ಕೆ ಇನ್ನೂ ಬಹಳ ದಿನವಿದೆ.