ರೇಣುಕಾ ಬಿಗಿದ ಬೋಲ್ಟು

ಆ ಎಂಜಿನ್ ಕೆಟ್ಟದ್ದು ನನ್ನ ತಂಗಿ ರೇಣುಕಾಳಿಂದ ಅಲ್ಲ. ನನ್ನಿಂದ. ಇಷ್ಟು ಸಣ್ಣ ಮಾತನ್ನು ಹೇಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಹೇಳಿದ ಮೇಲೂ ಸಿಟ್ಟು ಇಳಿದಿಲ್ಲ—ಇನ್ನಷ್ಟು ಏರಿದೆ. ಯಾಕೆಂದು ಹೇಳುತ್ತೇನೆ.

ನಮ್ಮದು ಹಿಟ್ನಾಳ. ಅಪ್ಪ ಮುನಿರಾಬಾದಿನಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದ. ನಿವೃತ್ತನಾದ ಮೇಲೆ ಒಂದು ಹಳೆಯ ಡೀಸೆಲ್ ಕಾರು ತಂದ. ಅದನ್ನು ಬಾಡಿಗೆಗೆ ಓಡಿಸಿಕೊಂಡಿರುವುದು ನನ್ನ ಪಾಲಿಗೆ ಬಂತು. ರೇಡಿಯೇಟರಿನಲ್ಲಿ ನೀರಿದೆಯೋ ಇಲ್ಲವೋ ನೋಡದೆ ಒಂದು ಬೇಸಿಗೆಯಲ್ಲಿ ಇರಕಲ್ಲಗಡದವರೆಗೂ ಓಡಿಸಿದೆ. ಎಂಜಿನ್ ಕಾದು ಸೀಳುಬಿಟ್ಟಿತು. ಆಗ ನನ್ನನ್ನು ಯಾರೂ ಬೈಯಲಿಲ್ಲ. ಹಳೇ ಗಾಡಿ, ಬಿಸಿಲು ಬೇರೆ, ಅಂದರು ಅಷ್ಟೆ.

ಗಂಗಾವತಿಯ ಗುಜರಿಯಲ್ಲಿ ಅದೇ ಮಾದರಿಯ ಇನ್ನೊಂದು ಎಂಜಿನ್ ಸಿಕ್ಕಿತು. ಮನೆಯಲ್ಲೇ ಕೂರಿಸೋಣ ಎಂದವಳು ರೇಣುಕಾ. ಅಪ್ಪನ ಮೊಪೆಡ್ಡು, ಅಕ್ಕಪಕ್ಕದವರ ಮಿಕ್ಸರ್, ಹೊಲದ ಪಂಪು—ಏನು ಕೆಟ್ಟರೂ ಬಿಚ್ಚಿ ನೋಡುವ ಚಟ ಅವಳಿಗೆ ಚಿಕ್ಕಂದಿನಿಂದಲೂ ಇತ್ತು. ಎಮ್ಮೆ ಕಟ್ಟುತ್ತಿದ್ದ ತಗಡಿನ ಶೆಡ್ಡೇ ನಮ್ಮ ಗ್ಯಾರೇಜಾಯಿತು. ಬೋರಿನ ಮೋಟಾರು ಎತ್ತುವವರಿಂದ ಮೂರು ಕಾಲಿನ ಕಬ್ಬಿಣದ ಚೌಕಟ್ಟನ್ನೂ ಚೈನ್ ಪುಲ್ಲಿಯನ್ನೂ ಕೇಳಿ ತಂದೆವು. ಬಿಚ್ಚಿದ ಒಂದೊಂದು ವೈರಿಗೂ ಅವಳು ಹಳೆಯ ಸೀರೆಯ ಚೂರು ಕಟ್ಟಿದಳು, ಅದು ಕೂಡಬೇಕಾದ ಜಾಗಕ್ಕೂ ಅದೇ ಬಣ್ಣದ ಚೂರು. ಹಳೆಯ ಎಂಜಿನ್ ಸರಪಳಿಗೆ ತೂಗುತ್ತ ಮೇಲೆದ್ದಾಗ ನಾನು ಹೆದರಿ ಹಿಂದೆ ಸರಿದೆ. ಅವಳು ಅದಕ್ಕೆ ಕೈಯಾನಿಸಿ ಮೆಲ್ಲಗೆ ತಿರುಗಿಸಿ ಹೊರಗೆ ತಂದಳು.

ಹೊಸದನ್ನು ಕೂರಿಸುವಾಗ ಗೇರ್‌ಬಾಕ್ಸಿಗೆ ಅದು ಸೇರಲೇ ಇಲ್ಲ. ನಾನು ಸುತ್ತಿಗೆ ಎತ್ತಿಕೊಂಡಿದ್ದೆ. ಅವಳು ಕಾರಿನ ಕೆಳಗೆ ಮಲಗಿ, ಬೋಲ್ಟು ತಿರುಗಿಸುವ ಪಾನಾ ಹಾಕಿ ಎಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಳು. ಒಂದು ಸಲ ಟಕ್ಕೆಂದಿತು. ಕೆಳಗಿನಿಂದ ಅವಳ ದನಿ ಬಂತು: “ಕೂತಿತು ಅಣ್ಣಾ.” ಅಷ್ಟು ಸಂತೋಷದ ದನಿಯನ್ನು ಅವಳ ಬಾಯಿಂದ ನಾನು ಮತ್ತೆ ಕೇಳಲಿಲ್ಲ. ಕೇಳದಂತೆ ಮಾಡಿದವನು ನಾನೇ.

ಎಂಜಿನ್ನಿನ ಅಡಿಯಲ್ಲಿ, ಆಯಿಲ್ ಇಳಿಸುವ ಜಾಗದಲ್ಲಿ, ಒಂದು ಬೋಲ್ಟಿರುತ್ತದೆ. ಅದನ್ನು ವಾಷರ್ ಹಾಕಿ ಬಿಗಿದವಳು ರೇಣುಕಾ. ಬಿಗಿದಾದ ಮೇಲೆ ಇನ್ನೊಮ್ಮೆ ಪಾನಾ ಹಚ್ಚಿ ನೋಡಿದ್ದಳು. ನಾನು ಕಣ್ಣಾರೆ ಕಂಡಿದ್ದೇನೆ. ಮರುದಿನ ಅವಳು ಅವ್ವನ ಸಂಗಡ ಕೊಪ್ಪಳದ ಸಂತೆಗೆ ಹೋಗಿದ್ದಾಗ, ಹಾಕಿದ ಆಯಿಲ್ ತೆಳುವಾಯಿತೆಂದು ನನಗೇ ಅನ್ನಿಸಿ, ಆ ಬೋಲ್ಟು ಬಿಚ್ಚಿ ಎಲ್ಲವನ್ನೂ ಇಳಿಸಿದೆ. ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಹಚ್ಚುವಷ್ಟರಲ್ಲಿ ಹೊರಗೆ ಯಾರೋ ಕರೆದರು. ಮಾತಾಡಿ ಬಂದವನು ಬೇರೆ ಆಯಿಲ್ ಸುರಿದೆ. ಪಾನಾ ಹಾಕಲಿಲ್ಲ. ಮರೆತೆ—ಅಲ್ಲ, ಮರೆವು ಎಂಬ ಮಾತೂ ಇಲ್ಲಿ ನನಗೆ ಸಲ್ಲದು. ಅವಳು ಎರಡು ಸಲ ನೋಡಿದ್ದನ್ನು ನಾನು ಒಂದು ಸಲವೂ ನೋಡಲಿಲ್ಲ.

ಆ ವಾರವೇ ಬಂಧುಗಳ ಮದುವೆಗೆಂದು ಕುಷ್ಟಗಿಗೆ ಹೊರಟೆವು. ಮುಂದೆ ನಾನು ಮತ್ತು ಅಪ್ಪ, ಹಿಂದೆ ಅವ್ವ ಮತ್ತು ರೇಣುಕಾ. ಅರ್ಧ ದಾರಿಯಲ್ಲಿ ಆಯಿಲ್ಲಿನ ಕೆಂಪು ದೀಪ ಹತ್ತಿತು. ವೈರಿನ ದೋಷವಿರಬೇಕೆಂದು ಓಡಿಸಿದೆ. ಕಡಕಡ ಸದ್ದಾಯಿತು, ಎಂಜಿನ್ ತಿರುಗದಂತೆ ಹಿಡಿದುಕೊಂಡು ಗಾಡಿ ನಿಂತಿತು. ಇಳಿದು ಬಗ್ಗಿ ನೋಡಿದರೆ ಬೋಲ್ಟಿನ ಜಾಗದಲ್ಲಿ ಬರೀ ತೂತು. ರಸ್ತೆಯುದ್ದಕ್ಕೂ ಆಯಿಲ್.

ಅಪ್ಪ ಕೇಳಿದ: “ಆ ಬೋಲ್ಟ ಹಾಕಿದವರು ಯಾರು?”

ನಾನು ಅಂದೆ: “ರೇಣುಕಾ.”

ಒಂದೇ ಒಂದು ಹೆಸರು. ಅದು ಪೂರ್ತಿ ಸುಳ್ಳಲ್ಲ ಎಂದು ಆ ಕ್ಷಣದಲ್ಲೇ ನನ್ನೊಳಗೆ ಲೆಕ್ಕ ಹಾಕಿದ್ದೆ. ಮೊದಲು ಬಿಗಿದವಳು ಅವಳೇ ತಾನೆ? ಎಂಥ ಹೇಡಿಯ ಬುದ್ಧಿ ಅದು! ಅವಳು ನನ್ನ ಮುಖ ನೋಡಿದಳು. ನಾನು ರಸ್ತೆ ನೋಡಿದೆ. “ಹೌದಪ್ಪಾ, ನಾನೇ ಹಾಕಿದ್ದು,” ಅಂದಳು. ಅಪ್ಪ ಮತ್ತೇನೂ ಕೇಳಲಿಲ್ಲ. ಹೆಣ್ಣು ಕೈ ಹಾಕಿದರೆ ಇನ್ನೇನಾಗುತ್ತದೆ ಎಂದಷ್ಟೇ ಅಂದ. ಮದುವೆಯ ಊಟದ ಪಂಕ್ತಿಯಲ್ಲಿ ಅದೇ ಮಾತು, ಊರಿಗೆ ಬಂದ ಮೇಲೂ ಅದೇ ಮಾತು. ಮೊದಲಿನ ಎಂಜಿನ್ನನ್ನು ನೀರಿಲ್ಲದೆ ಓಡಿಸಿ ಸುಟ್ಟ ಗಂಡಸಿನ ಕೈ ಯಾರಿಗೂ ನೆನಪಾಗಲಿಲ್ಲ.

ಕೊಪ್ಪಳದಲ್ಲಿ ಒಬ್ಬರು ಅವಳಿಗೆ ದ್ವಿಚಕ್ರ ವಾಹನದ ರಿಪೇರಿ ಕಲಿಸಲು ಒಪ್ಪಿದ್ದರು. ಅಪ್ಪ ಬೇಡವೆಂದ, ಅವಳೂ ಹಟ ಮಾಡಲಿಲ್ಲ. ಯಲಬುರ್ಗಾ ಕಡೆಗೆ ಮದುವೆಯಾಗಿ ಹೋದಳು. ಈಗ ಬೀಜೋತ್ಪಾದನೆಯ ಹೊಲಗಳಲ್ಲಿ ಕೂಲಿಗೆ ಹೋಗುತ್ತಾಳೆ. ಗಂಡನ ಬೈಕಿನ ಚೈನ್ ಕಳಚಿದರೂ ಮುಟ್ಟುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ, ನನ್ನ ಕೈಗೆ ಅದು ಆಗಿಬರುವುದಿಲ್ಲ ಅಣ್ಣಾ ಅಂದಳು. ನಾನು? ಅವಳಿಂದ ಕಲಿತದ್ದನ್ನೇ ಬಂಡವಾಳ ಮಾಡಿಕೊಂಡು ಕೊಪ್ಪಳದಲ್ಲಿ ಗ್ಯಾರೇಜು ಹಾಕಿದೆ. ಎಂಜಿನ್ ಇಳಿಸಿ ಕೂರಿಸುವುದರಲ್ಲಿ ನನ್ನ ಕೈ ದೊಡ್ಡದು ಎನ್ನುತ್ತಾರೆ. ವೈರುಗಳಿಗೆ ಈಗಲೂ ಬಟ್ಟೆಯ ಚೂರು ಕಟ್ಟುತ್ತೇನೆ, ಯಾರ ಯುಕ್ತಿಯೆಂದು ಯಾರಿಗೂ ಹೇಳಿರಲಿಲ್ಲ.

ಈ ವರ್ಷ ಅವಳ ಮಗಳು ಸವಿತಾ ಹತ್ತನೆಯ ತರಗತಿ ಪಾಸಾದಳು. ಐಟಿಐ ಸೇರಿ ಮೆಕ್ಯಾನಿಕ್ ಕೆಲಸ ಕಲಿಯುವ ಆಸೆ ಅವಳಿಗೆ. ಅಜ್ಜನನ್ನು ಕೇಳಲು ತಾಯಿ ಮಗಳು ಹಿಟ್ನಾಳಕ್ಕೆ ಬಂದಿದ್ದರು, ನಾನೂ ಅಲ್ಲಿದ್ದೆ. ಅಪ್ಪ ನಗುತ್ತಲೇ ಹೇಳಿದ: “ನಿಮ್ಮವ್ವ ಒಂದು ಎಂಜಿನ್ ತಿಂದಾಳ. ಅಷ್ಟ ಸಾಕು ನಮ್ಮ ಮನಿಗೆ.” ಸವಿತಾ ತಾಯಿಯತ್ತ ನೋಡಿದಳು. ತಾಯಿ ಏನಾದರೂ ಅನ್ನಬಹುದೆಂದು ನಾನೂ ನೋಡಿದೆ. ರೇಣುಕಾ ಮಗಳಿಗೆ ಹೇಳಿದಳು: “ಅಜ್ಜ ಹೇಳೂದು ಖರೇ ಐತಿ. ನಮ್ಮ ಕೈಗೆ ಅದು ಬ್ಯಾಡ.”

ನನ್ನ ಒಂದು ಸುಳ್ಳು ಈಗ ಅವಳ ಬಾಯಿಂದಲೇ ಅವಳ ಮಗಳ ಮೇಲೆ ಬೀಳುತ್ತಿತ್ತು. ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ—ಸಂತೆಯ ದಿನ ಬೋಲ್ಟು ಬಿಚ್ಚಿದ್ದು, ಬೆರಳಲ್ಲಿ ಹಚ್ಚಿ ಬಿಟ್ಟದ್ದು, ಕೆಂಪು ದೀಪ ಕಂಡೂ ಓಡಿಸಿದ್ದು, ಆಮೇಲೆ ಅವಳ ಹೆಸರು ಹೇಳಿದ್ದು.

ಅಪ್ಪ ಅಂದ: “ಹೋಗ್ಲಿ ಬಿಡು, ಹಳೇ ಮಾತು. ಮನಶ್ಯಾ ಅಂದಮ್ಯಾಲ ಮರವು ಇರತೈತಿ.” ಅವ್ವ ಚಹಾ ತರಲು ಎದ್ದಳು.

ಇಷ್ಟೇ! ಚಹಾ ಕುದಿಯುವಷ್ಟರಲ್ಲಿ ನನ್ನ ತಪ್ಪು ಮನುಷ್ಯಸಹಜ ಮರೆವಾಯಿತು. ಅದೇ ತಪ್ಪು ಅವಳ ಹೆಸರಲ್ಲಿದ್ದಾಗ ಮಾತ್ರ ಹೆಣ್ಣಿನ ಕೈಯ ದೋಷ—ಮದುವೆಯಾಗಿ ಹೋದ ಮನೆಯವರೆಗೂ ಬೆನ್ನು ಬಿಡದ ದೋಷ. ಬೈಯಿರಿ, ಹೊಡೆಯಿರಿ ಎಂದು ಕಿರುಚಬೇಕೆನ್ನಿಸಿತು. ಬೈಯಲು ಅಲ್ಲಿ ಯಾರಿಗೂ ಮನಸ್ಸಿರಲಿಲ್ಲ.

ರೇಣುಕಾ ಮಾತ್ರ ಕೇಳಿದಳು: “ಹಂಗಾರ ನಾ ಬಿಗಿ ಮಾಡಿದ್ದು ಖರೇ?”

“ಖರೇ,” ಅಂದೆ.

“ನನಗ ನೆನಪಿತ್ತಣ್ಣಾ. ಎರಡ ಸಲ ಪಾನಾ ಹಚ್ಚಿದ್ದು ನೆನಪಿತ್ತು. ನೀ ಸುಳ್ಳ ಹೇಳಂಗಿಲ್ಲ ಅಂತ ಹೇಳಿ, ನನ್ನ ನೆನಪ ಸುಳ್ಳು ಅಂದ್ಕೊಂಡು ಬಿಟ್ಟೆ.”

ಅವಳು ಅಳಲಿಲ್ಲ, ಬೈಯಲಿಲ್ಲ. ಮಗಳಿಗೆ ಚೀಲ ತೆಗೆದುಕೋ ಎಂದಳು. ಕೊಪ್ಪಳದಲ್ಲಿ ಐಟಿಐ ಎಲ್ಲಿದೆ ನೋಡಿಕೊಂಡೇ ಊರಿಗೆ ಹೋಗೋಣ ಎಂದಳು. ನಾನು ಕರೆದುಕೊಂಡು ಹೋಗುತ್ತೇನೆ ಎಂದು ಎದ್ದೆ. ಬೇಡ ಎಂದು ಕೈ ಮಾಡಿದಳು. ತಾಯಿ ಮಗಳು ಬಸ್ಸಿಗೆ ನಡೆದು ಹೋದರು. ಚಹಾ ಅಲ್ಲೇ ಆರಿತು.

ಆಮೇಲೆ ಅವಳು ಫೋನ್ ಮಾಡಿಲ್ಲ. ನಾನೂ ಕ್ಷಮೆ ಕೇಳಲು ಮಾಡಿಲ್ಲ. ಕೇಳಿದರೆ ಕೊಟ್ಟುಬಿಟ್ಟಾಳು ಎಂಬ ಭಯ. ಈ ಮನೆಯಲ್ಲಿ ನನಗೆ ಬೇಕಾದ್ದೆಲ್ಲ ಅಷ್ಟೇ ಸುಲಭವಾಗಿ ಸಿಕ್ಕಿದೆ. ಅದೊಂದು ಸಿಗಬಾರದು.