ಏಳು ತಿಂಗಳು ಹಿಂದಿದ್ದ ಗಡಿಯಾರ

ನನ್ನ ಹಳೆಯ ಕಂಪ್ಯೂಟರಿನ ಗಡಿಯಾರ ಕರೆಂಟು ಇದ್ದಾಗ ಮಾತ್ರ ನಡೆಯುತ್ತಿತ್ತು. ಕರೆಂಟು ಹೋದರೆ ನಿಲ್ಲುತ್ತಿತ್ತು, ಬಂದರೆ ನಿಂತಲ್ಲಿಂದಲೇ ಮತ್ತೆ ಹೊರಡುತ್ತಿತ್ತು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಅಂಗಡಿ ತೆರೆದಿರುವ ಹೊತ್ತಿನಲ್ಲಿ ನಾಲ್ಕೈದು ತಾಸು ಕರೆಂಟು ಸಿಕ್ಕರೆ ನಮ್ಮ ಪುಣ್ಯ. ಹೊರಗೆ ಜನಕ್ಕೆ ವರ್ಷ ಕಳೆಯುವಷ್ಟರಲ್ಲಿ ನನ್ನ ಮೇಜಿನ ಮೇಲೆ ಮೂರು ತಿಂಗಳೂ ಕಳೆಯುತ್ತಿರಲಿಲ್ಲ. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ದಿಕ್ಕು ತಪ್ಪುತ್ತವೆ ಎಂದು ಪೇಪರಿನವರು ಬರೆಯುತ್ತಿದ್ದರು. ನನ್ನದು ಅದಕ್ಕೂ ಮೊದಲೇ ದಿಕ್ಕು ತಪ್ಪಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಿದ್ದೆ. ಬಸ್ಸೇ ಹೊತ್ತಿಗೆ ಸರಿಯಾಗಿ ಬಾರದ ಊರಿನಲ್ಲಿ ಕಂಪ್ಯೂಟರಿನ ಗಡಿಯಾರ ಯಾರು ನೋಡುತ್ತಾರೆ ಎಂಬ ಉಡಾಫೆ.

ಬಸ್ ಸ್ಟ್ಯಾಂಡಿನ ಹತ್ತಿರದ ನನ್ನ ಅಂಗಡಿಯಲ್ಲಿ ಲಗ್ನಪತ್ರಿಕೆ, ಅರ್ಜಿ, ಬಯೋಡೇಟಾ ಟೈಪು ಮಾಡಿಕೊಡುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ನಡೆಯುತ್ತಿದ್ದದ್ದು ಜಾತಕ. ಹುಟ್ಟಿದ ದಿನ, ಹೊತ್ತು, ಊರು ಹೇಳಿದರೆ ಪ್ರಿಂಟರು ಕರಕರ ಅನ್ನುತ್ತ ಎರಡು ಹಾಳೆ ಹೊರಗೆ ಹಾಕುತ್ತಿತ್ತು. ಮಠದ ಅಯ್ಯನವರು ಕೈಯಲ್ಲಿ ಬರೆದುಕೊಡುವ ಜಾತಕಕ್ಕಿಂತ ಇದಕ್ಕೆ ಮರ್ಯಾದೆ ಜಾಸ್ತಿ. ಕಂಪ್ಯೂಟರು ಸುಳ್ಳು ಹೇಳುವುದಿಲ್ಲ ಎಂದು ಜನ ನಂಬಿದ್ದರು. ಆ ಹಾಳೆಯ ಕೆಳಗೆ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಜಾತಕ ತಯಾರಾದ ದಿನಾಂಕ ತಾನಾಗಿಯೇ ಬೀಳುತ್ತಿತ್ತು. ನಾನು ಒಂದು ದಿನವೂ ಅದನ್ನು ಓದಿರಲಿಲ್ಲ.

ಓದಿದವರು ಇಟ್ಟಿಗಿ ಊರಿನವರು. ತಂಬ್ರಹಳ್ಳಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು ಮಗಳ ಜಾತಕ ಹಾಕಿಸಿಕೊಂಡು ಹೋಗಿದ್ದರು. ಹುಡುಗಿ ಪಿಯುಸಿ ಮುಗಿಸಿದ್ದಳು. ಇಟ್ಟಿಗಿಯ ಒಂದು ಮನೆತನದಿಂದ ಕೇಳಿಕೊಂಡು ಬಂದಿದ್ದರಂತೆ, ಹುಡುಗನೂ ಒಪ್ಪುವಂಥವನೇ. ಹದಿನೈದು ದಿನ ಬಿಟ್ಟು ಆ ತಾಯಿ ಒಬ್ಬರೇ ಬಂದರು. ಸೆರಗಿನಿಂದ ಅದೇ ಹಾಳೆ ತೆಗೆದು ನನ್ನ ಮುಂದೆ ಹರವಿದರು. ಕೆಳಗಿನ ದಿನಾಂಕಕ್ಕೆ ಯಾರೋ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಏಳು ತಿಂಗಳ ಹಿಂದಿನ ತಾರೀಕು.

"ನಿಮ್ಮದ ಮೊದಲನೇ ಮನಿರಿ, ಜಾತಕ ಮತ್ಯಾರಿಗೂ ಕೊಟ್ಟಿಲ್ಲ ಅಂತ ಇಟ್ಟಿಗಿಯವ್ರಿಗೆ ಹೇಳಿದ್ದೆ ನಾನು. ಹುಡುಗನ ಸೋದರಮಾವ ಈ ತಾರೀಕು ನೋಡಿದ್ರು. ಏಳು ತಿಂಗಳಿಂದ ಈ ಹಾಳಿ ಊರೂರು ತಿರುಗೇತಿ, ಎಷ್ಟು ಮಂದಿ ಬ್ಯಾಡ ಅಂದಾರೋ ಏನೋ ಅಂದ್ರಂತ. ಹಾಳಿ ವಾಪಸ್ ಕಳಿಸ್ಯಾರ."

ಗಡಿಯಾರ ಕೆಟ್ಟಿದೆ ಅಕ್ಕಾರ, ಹೊಸ ಹಾಳೆ ಹಾಕಿಕೊಡುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ಈಗ ಹೊಸಾದು ಒಯ್ದರ ತಿದ್ದಿಸ್ಕೊಂಡು ಬಂದ್ರು ಅಂತಾರ, ತಮ್ಮಾ." ಅದೂ ನಿಜವೇ. ಆ ತಿಂಗಳುಗಳಲ್ಲಿ ನಾನು ಹಾಕಿಕೊಟ್ಟ ಬೇರೆ ಜಾತಕಗಳಲ್ಲೂ ಇದೇ ತಪ್ಪು ಇರಲೇಬೇಕು, ತಂದು ತೋರಿಸಬಹುದಿತ್ತು. ಆದರೆ ತಮ್ಮ ಮಗಳ ಹಾಳೆಯೂ ಹಳೆಯದೆಂದು ತೋರಿಸಲು ಯಾವ ಮನೆಯವರು ಅದನ್ನು ನನ್ನ ಕೈಗೆ ಕೊಟ್ಟಾರು? ಕೊನೆಗೆ ನಾನೇ ಒಂದು ದಾರಿ ಹೇಳಿದೆ. ಆ ಸೋದರಮಾವ ಇಲ್ಲಿಗೇ ಬರಲಿ, ಗಡಿಯಾರ ತಪ್ಪಿರುವುದನ್ನು ಕಣ್ಣಾರೆ ನೋಡಲಿ. ಮಧ್ಯಸ್ಥರ ಮೂಲಕ ಮಾತು ಹೋಯಿತು. ಮುಂದಿನ ಸಂತೆಯ ದಿನ ಬರುತ್ತೇನೆ ಎಂದು ಉತ್ತರ ಬಂತು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಮ್ಮಲ್ಲಿ ಮನೆಗೆ ಹಿರಿಯರು ಬರುತ್ತಾರೆ ಎಂದರೆ ಅಂಗಳ ಸಾರಿಸುತ್ತೇವೆ, ಹರಿದ ಜಮಖಾನೆ ಒಳಗೆ ಒಯ್ದು ಬೇರೆ ಹಾಸುತ್ತೇವೆ. ಅದೇ ಬುದ್ಧಿ ನನಗೂ ಬಂತು. ಅಷ್ಟು ದೂರದಿಂದ ಹಿರಿಯರು ಬಂದಾಗ ಕೆಟ್ಟ ಯಂತ್ರ ಇಟ್ಟುಕೊಂಡು ಕೂತಿರುವುದೇ? ಅವರು ಬರುವುದರೊಳಗೆ ಗಡಿಯಾರ ಸರಿಮಾಡಿಸಬೇಕು ಎಂದು ಹಟ ಹಿಡಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸರಿಮಾಡಿಸುವುದೂ ಸುಲಭವಿರಲಿಲ್ಲ. ಬೇರೆ ಕಂಪ್ಯೂಟರುಗಳಲ್ಲಿ ಗಡಿಯಾರಕ್ಕೆ ಒಂದು ಬಿಲ್ಲೆಯಂಥ ಸೆಲ್ಲು ಇರುತ್ತದೆ, ತೆಗೆದು ಬೇರೆ ಹಾಕಿದರೆ ಮುಗಿಯಿತು. ನನ್ನದರಲ್ಲಿ ಗಡಿಯಾರವನ್ನೂ ಸೆಲ್ಲನ್ನೂ ಒಂದೇ ಕಪ್ಪು ಚಿಪ್ಪಿನೊಳಗೆ ಸೇರಿಸಿ ಮುಚ್ಚಿಬಿಟ್ಟಿದ್ದರು. ಒಳಗೆ ಸೆಲ್ಲು ಸತ್ತರೆ ಇಡೀ ಚಿಪ್ಪನ್ನೇ ಬದಲಿಸಬೇಕು. ಅದನ್ನು ಹೀಗೆ ಮಾಡಿದ ಪುಣ್ಯಾತ್ಮ ಎದುರಿಗೆ ಸಿಕ್ಕಿದ್ದರೆ ಎರಡು ಮಾತು ಕೇಳುತ್ತಿದ್ದೆ. ಹರಪನಹಳ್ಳಿ ಮೇಲಿನ ಬಸ್ಸು ಹಿಡಿದು ದಾವಣಗೆರೆಗೆ ಹೋದೆ. ಎರಡು ಅಂಗಡಿಗಳಲ್ಲಿ "ಇದು ಈಗ ಬರಲ್ಲ, ಹೊಸ ಮಷಿನ್ ತಗೊಳ್ಳಿ" ಎಂದರು. ಮೂರನೆಯವನು ಹಳೆಯ ಬೋರ್ಡುಗಳ ರಾಶಿಯಿಂದ ಒಂದು ಚಿಪ್ ಹುಡುಕಿಕೊಟ್ಟ.

ಕಂಪ್ಯೂಟರಿನ ಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಕೊಟ್ಟೂರಿಗೆ ಹೋದೆ. ಅಲ್ಲಿ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರ ಕೈ ಬೆಸುಗೆಗೆ ಹೆಸರಾಗಿತ್ತು. ಅವರು ಚಿಪ್ಪನ್ನು ಕನ್ನಡಕ ಏರಿಸಿ ನೋಡಿ, "ಜರಿಹುಳ ಇದ್ದಂಗ ಐತಲ್ರಿ ಇದು, ಎಷ್ಟು ಕಾಲು" ಎಂದರು. ಒಂದೊಂದೇ ಕಾಲಿನ ಬೆಸುಗೆ ಕರಗಿಸಿ ಹಳೆಯದನ್ನು ಬಿಡಿಸುವಷ್ಟರಲ್ಲಿ ಮೂರು ಸಲ ಕರೆಂಟು ಹೋಯಿತು. ಮುಂದೆ ತೆಗೆದು ಹಾಕಲು ಅನುಕೂಲವಾಗಲಿ ಎಂದು ಕೆಳಗೊಂದು ಸಾಕೆಟ್ ಕೂರಿಸಿ, ಅದರಲ್ಲಿ ಹೊಸದನ್ನು ಒತ್ತಿಕೊಟ್ಟರು. ಊರಿಗೆ ಬಂದು ಹಚ್ಚಿ ನೋಡಿದರೆ ಹೊಸದಕ್ಕೂ ಹಳೆಯದರದೇ ರೋಗ. ಮತ್ತೆ ದಾವಣಗೆರೆ, ಮತ್ತೆ ಅದೇ ರಾಶಿ, ಅಂಗಡಿಯವನೊಂದಿಗೆ ಜಗಳ. ಎರಡನೆಯ ಚಿಪ್ ನಡೆಯಿತು. ಸಂತೆಗೆ ಇನ್ನೊಂದೇ ದಿನ ಉಳಿದಿತ್ತು. ಮರುದಿನ ಬೆಳಿಗ್ಗೆ ಹಚ್ಚಿದಾಗ ತಾರೀಕು, ತಾಸು, ನಿಮಿಷ ಎಲ್ಲ ಸರಿಯಾಗಿ ಬಂದವು. ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿದೆ.

ಸೋದರಮಾವ ಬಂದರು. ಬಿಳಿ ಧೋತರ, ಕೈಗೆ ವಾಚು, ಸಮಾಧಾನದ ಮನುಷ್ಯ. ಚಹ ಕುಡಿದು, "ಎಲ್ಲೈತಿ ತೋರಸ್ರಿ ನಿಮ್ಮ ಕೆಟ್ಟ ಗಡಿಯಾರ" ಎಂದರು. ನಾನು ಪರದೆ ತೋರಿಸಿದೆ. ಅವರು ವಾಚು ನೋಡಿಕೊಂಡರು, ಪರದೆ ನೋಡಿದರು.

"ಸರಿ ಐತಲ್ರಿ."

"ನಿನ್ನೆ ಸರಿ ಮಾಡಿಸಿದೆ ಯಜಮಾನ್ರ. ಮೊದಲು ಕೆಟ್ಟಿತ್ತು."

"ನಾನು ಬರ್ತೀನಿ ಅಂದಮ್ಯಾಲೆ ಸರಿ ಮಾಡಿಸಿದ್ರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ಚೆನ್ನಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಆಗ ಹೊಳೆಯಿತು ನಾನು ಮಾಡಿದ್ದೇನೆಂದು. ಹಳೆಯ ಚಿಪ್ ಡ್ರಾಯರಿನಲ್ಲಿತ್ತು. ಇರ್ರಿ, ಅದನ್ನೇ ಹಾಕಿ ತೋರಿಸುತ್ತೇನೆ ಎಂದು ಕಂಪ್ಯೂಟರು ಬಿಚ್ಚಿದೆ. ಬೆಸುಗೆಯ ಕಾವಿಗೆ ಅದರ ಕಾಲುಗಳು ಮೊದಲೇ ಸೊಟ್ಟಗಾಗಿದ್ದವು. ಸಾಕೆಟ್ಟಿಗೆ ಒತ್ತಿದ ಕೂಡಲೇ ಒಂದು ಕಾಲು ಮುರಿದು ನೆಲಕ್ಕೆ ಬಿತ್ತು. ಆದರೂ ಹಚ್ಚಿದೆ. ಪರದೆ ಕಪ್ಪಗೇ ಉಳಿಯಿತು.

ಅವರು ಎದ್ದು ಧೋತರ ಸರಿಮಾಡಿಕೊಂಡರು. "ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಲಂತ. ನಿಮ್ಮ ಮ್ಯಾಲೆ ನನಗೇನೂ ಇಲ್ಲರಿ. ಪಾಪ, ಆ ಮನಿಯವರು ಹೇಳಿಕೊಟ್ಟಂಗ ಹೇಳಾಕ ಹತ್ತೀರಿ." ನಾನು ಬಸ್ ಸ್ಟ್ಯಾಂಡಿನವರೆಗೂ ಅವರ ಬೆನ್ನ ಹಿಂದೆಯೇ ಹೋದೆ, ಆಣೆ ಮಾಡಿದೆ, ನನ್ನ ಸೋಮಾರಿತನ ನಾನೇ ಒಪ್ಪಿಕೊಂಡೆ. ಮಾತು ಹೆಚ್ಚಾದಷ್ಟೂ ನನಗೇ ನನ್ನ ಮಾತು ಸುಳ್ಳು ಅನ್ನಿಸತೊಡಗಿತು. ಅವರು ಹಡಗಲಿ ಬಸ್ಸು ಹತ್ತಿ ಹೋದರು. ಆ ಸಂಬಂಧ ಅಲ್ಲಿಗೆ ಮುರಿಯಿತು.

ಎರಡು ತಿಂಗಳಾದ ಮೇಲೆ ತಾಯಿ ಮಗಳು ಇಬ್ಬರೂ ಅಂಗಡಿಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ತಾಯಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು. ಹುಡುಗಿಯೇ ಮೇಜಿನ ಹತ್ತಿರ ಬಂದು, "ಗಡಿಯಾರ ಈಗ ನೀವು ಹೇಳಿದ್ದು ಕೇಳ್ತೈತೇನಣ್ಣ?" ಎಂದಳು. ಕೇಳುತ್ತದೆ ತಂಗಿ, ನಿಮಿಷಕ್ಕೆ ನಿಮಿಷ ಸರಿ ಇದೆ ಎಂದೆ.

"ಹಂಗಾರ ನನ್ನ ಜಾತಕ ನಾಕು ಹಾಕ್ರಿ. ಒಂದಕ್ಕ ಇವತ್ತಿನ ತಾರೀಕು ಇರ್ಲಿ. ಉಳಿದ ಮೂರಕ್ಕ ಮುಂದಿನ ಒಂದೊಂದು ತಿಂಗಳದ್ದು."

ಬೇಕಾದಾಗ ಬಾರಮ್ಮ, ಆಯಾ ದಿನ ಹೊಸದು ಹಾಕಿಕೊಡುತ್ತೇನೆ ಎಂದೆ. ಅವಳು ರಸ್ತೆಯ ಕಡೆ ನೋಡಿದಳು. ಎದುರಿಗೆ ತಂಬ್ರಹಳ್ಳಿಯ ಬಸ್ಸಿಗಾಗಿ ಊರಿನವರೇ ಏಳೆಂಟು ಜನ ನಿಂತಿದ್ದರು. "ನಾನು ಎಷ್ಟು ಸಲ ಇಲ್ಲಿಗೆ ಬಂದೆ ಅಂತ ಅವ್ರೂ ಲೆಕ್ಕ ಇಡ್ತಾರಣ್ಣ."

ಎರಡು ಸಲ ದಾವಣಗೆರೆಗೆ ಅಲೆದು ಸರಿಮಾಡಿಸಿದ ಗಡಿಯಾರಕ್ಕೆ ನನ್ನ ಕೈಯಾರೆ ಸುಳ್ಳು ತಾರೀಕು ಒತ್ತಿದೆ. ಅದು ಒಂದು ಚಕಾರವೆತ್ತದೆ ಒಪ್ಪಿಕೊಂಡಿತು. ನನ್ನ ಮೇಲೆ, ಆ ಯಂತ್ರದ ಮೇಲೆ, ಕೆಂಪು ಗೆರೆ ಎಳೆದ ಆ ಸಮಾಧಾನದ ಮನುಷ್ಯನ ಮೇಲೆ ಸಿಟ್ಟು ಬಂತು. ಹುಡುಗಿ ಒಂದೊಂದು ಹಾಳೆ ಬಂದಂತೆ ಮೊದಲು ಕೆಳಗಿನ ಅಂಚನ್ನು ಓದಿ, ತಿಂಗಳಿನ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸಿದಳು.

ಮೂರು ಮುಗಿದ ಮೇಲೆ ನಾನು, "ಅಷ್ಟರೊಳಗೆ ಸಂಬಂಧ ಕೂಡಿ ಬರುತ್ತದೆ, ನಾಲ್ಕನೆಯದು ಬೇಕಾಗಲಿಕ್ಕಿಲ್ಲ ಬಿಡು ತಂಗಿ" ಎಂದೆ.

"ಇರ್ಲಿ ಅಣ್ಣ," ಎಂದಳು, "ಹಾಕ್ರಿ."