ಗೇಟಿನೆದುರು ಚಾಪೆ ಹಾಸಿದ ಅತಿಮಾಂಗೊ

ಸೋಮಾಲಿಯಾದ ಯುದ್ಧದಿಂದ ಮರಳಿದ ಓರ್ಯೆಮ್‌ನನ್ನು ಅವನ ತಾಯಿ ತಮ್ಮ ಅಚೋಲಿ ಬುಡಕಟ್ಟಿನ ಪದ್ಧತಿಯಂತೆ ಹೊಸಿಲಲ್ಲಿ ಹಸಿ ಮೊಟ್ಟೆ ತುಳಿಸಿ ಒಳಗೆ ಕರೆದುಕೊಂಡಳು. ಹೊರಗಿನ ಕೇಡು ಅಲ್ಲಿಗೆ ಕಳೆಯಿತೆಂದು ಎಲ್ಲರೂ ನಿಶ್ಚಿಂತರಾದರು. ಬ್ಯಾರಕ್ಕಿನ ಮುಂದೆ ಮರಗೆಣಸು ಕರಿದು ಮಾರುವ ಅವನ ಹೆಂಡತಿ ಅತಿಮಾಂಗೊ ಕೂಡ ನಂಬಿದಳು.

ಸಿಪಾಯಿಗಳ ವಸತಿಗೆ ಬಂದ ವಾರದಲ್ಲೇ ಹಿತ್ತಲಾಚೆಯ ಮನೆಯವರು ತಗಡೊಂದನ್ನು ದಢಾರನೆ ಬೀಳಿಸಿದರು. ಓರ್ಯೆಮ್ ಮಗಳು ಲಾಕೋಟ್‌ಳನ್ನು ನೆಲಕ್ಕೆ ಕೆಡವಿ ಅವಳ ಮೇಲೆ ಬಿದ್ದ. ಗುಂಡಿನಿಂದ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಹುಡುಗಿಯ ಕೈ ಮುರಿಯಿತು. ಅಂದು ಪಕ್ಕದ ಮನೆ ಸೇರಿದವಳು ಮರಳಿ ಬರಲಿಲ್ಲ. ಅಪ್ಪನ ದನಿ ಕೇಳಿದರೆ ಮಂಚದಡಿ ಸೇರುತ್ತಿದ್ದಳು.

"ಇನ್ನೊಂದು ಮೊಟ್ಟೆ ತುಳಿಸೋಣ," ಎಂದಳು ಅತ್ತೆ.

"ಕೋಳಿಗೂಡನ್ನೇ ತುಳಿಸಿದ್ರೂ ಅಷ್ಟೇ ಅತ್ತೆ. ಮೊಟ್ಟೆ ಕಾಲು ತೊಳೀತು. ತಲೆ ಯಾರು ತೊಳೀಬೇಕು?"

ಯುದ್ಧದಿಂದ ಬಂದವರ ತಲೆಯೊಳಗಿನ ಗಾಯ ಕಂಡಿದ್ದ ನಿವೃತ್ತ ನರ್ಸ್ ಲಾಮ್ವಾಕಾಳನ್ನು ಅತಿಮಾಂಗೊ ಎಳೆದು ತಂದಳು. ಶನಿವಾರ ವಸತಿಯ ಮಾವಿನ ಮರದಡಿ ಚಾಪೆ ಹಾಸಿ, ಮನೆಯ ಕಷ್ಟ ಹೇಳಿಕೊಳ್ಳಲು ಹೆಂಗಸರು ಮಕ್ಕಳೊಂದಿಗೆ ಕೂತರು. ಗಂಡಸರು ಒಬ್ಬರೂ ಬರಲಿಲ್ಲ. ಮುಂದಿನ ಶನಿವಾರ ಬ್ಯಾರಕ್ಕಿನ ಅಧಿಕಾರಿಯೇ ಬಂದ.

"ಸಿಪಾಯಿ ಮನೆ ರಗಳೆ ಬಯಲಿಗೆ ತರಬೇಡಮ್ಮ. ಇದನ್ನ ನಿಲ್ಲಿಸು, ಇಲ್ಲಾ ಮನೆ ಖಾಲಿ ಮಾಡು."

"ಮಗಳೇ ಮನೇಲಿಲ್ಲ ಅಫಾಂಡೆ ಸಾಹೇಬ್ರೇ. ಅರ್ಧ ಖಾಲಿಯಾಗಿದೆ. ಉಳಿದಿದ್ದನ್ನ ನೀವೇ ಹೊತ್ತು ಹೊರಗೆ ಹಾಕಿ."

ಹೇಳಿದವಳೇ ಚಾಪೆ ಸುತ್ತಿಕೊಂಡು ಹೋಗಿ ಗೇಟಿನ ಹೊರಗೆ, ರಸ್ತೆಯ ಮೇಲೇ ಹಾಸಿದಳು. ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಹಿಂದೆ ನಡೆದರು. ಬಾಡಿಗೆಗೆ ಓಡುವ ಬೋಡಾ ಬೈಕುಗಳು ಸುತ್ತುಬಳಸಿ ಹೋದವು.

"ಅಕ್ಕಾ, ನನ್ನ ಕೆಲಸ ಹೋಗತ್ತೆ," ಎಂದ ಗೇಟಿನ ಕಾವಲಿನವನು.

"ನಿನ್ನ ಮಕ್ಕಳು ನಿನ್ನ ತೊಡೆ ಮೇಲೆ ಕೂರ್ತಾರೇನೋ?"

ಅವನು ಬೈಕುಗಳಿಗೆ ಪಕ್ಕದಿಂದ ಹೋಗುವಂತೆ ಕೈ ತೋರಿಸಿದ.

ಸ್ವಲ್ಪ ಹೊತ್ತಿಗೆ ಓರ್ಯೆಮ್ ಸಮವಸ್ತ್ರದಲ್ಲೇ ಹೊರಬಂದು ಚಾಪೆಯ ಮೇಲೆ ಕೂತ. ಪಕ್ಕದ ಮನೆಯವಳ ಜೊತೆ ಬಂದಿದ್ದ ಲಾಕೋಟ್ ಅವಳ ಬೆನ್ನ ಹಿಂದೆ ಅವಿತಳು.

"ಅವಳಿಗೆ ಏನಂತ ಹೇಳ್ಲಿ?" ಎಂದು ಓರ್ಯೆಮ್ ಹೆಂಗಸರ ನಡುವೆ ಕೂತಿದ್ದ ನರ್ಸನ್ನು ಕೇಳಿದ.

"ನಿಜ ಹೇಳು. ಹತ್ರ ಹೋಗಬೇಡ. ಬೇಕಾದ್ರೆ ಅವಳೇ ಬರ್ತಾಳೆ."

"ಓರ್ಯೆಮ್, ಏಳು ಮೇಲೆ!" ಎಂದು ಅಧಿಕಾರಿ ಗೇಟಿನಿಂದ ಗದರಿದ.

ಓರ್ಯೆಮ್ ಏಳಲಿಲ್ಲ. "ನಿನ್ನ ಹೊಡೀಲಿಲ್ಲ ಕಣೇ ಪುಟ್ಟಿ. ಗುಂಡು ಅಂತ ನಾನೇ ಹೆದರಿಬಿಟ್ಟೆ," ಎಂದ. ಗೇಟಿನ ಬಳಿ ನಿಂತಿದ್ದ ಸಿಪಾಯಿಗಳಿಗೆಲ್ಲ ಅದು ಕೇಳಿಸಿತು.

"ಬಂದೂಕು ಇರೋರೂ ಹೆದರ್ತಾರಾ?" ಎಂದಳು ಲಾಕೋಟ್, ಅವಿತಲ್ಲಿಂದಲೇ.

"ಹೂಂ. ಈಗಲೂ ಹೆದರ್ತೀನಿ."

ಲಾಕೋಟ್ ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಬಂದು ಚಾಪೆಯ ತುದಿಯಲ್ಲಿ ಕೂತಳು. ಅಪ್ಪ ಮುಟ್ಟಲು ಹೋಗಲಿಲ್ಲ.

ಅತಿಮಾಂಗೊ ಗೇಟಿನತ್ತ ತಿರುಗಿದಳು. "ಬರೋ ಶನಿವಾರನೂ ಇಲ್ಲೇ, ಅಫಾಂಡೆ. ನಿಮ್ಮ ಮಕ್ಕಳನ್ನೂ ಕರ್ಕೊಂಡು ಬನ್ನಿ. ಜಾಗ ಬೇಕಾದಷ್ಟಿದೆ."